ರೆಕ್ಕೆಯ ಬುಡದಲ್ಲೊಂದು ಬಿರುಕು

ನವಲಗುಂದ, ಅಣ್ಣಿಗೇರಿ ಸುತ್ತಿನ ಎರಿ ಹೊಲಗಳಿಂದ ಕಡಲೆ, ಗೋಧಿ, ಹತ್ತಿ ಹೊತ್ತು ತರುವ ಟ್ರೇಲರುಗಳ ಆಕ್ಸಲ್ ಮುರಿಯುವುದು ಅಪರೂಪದ ಸಂಗತಿಯೇನಲ್ಲ. ಮುರಿದ ತುಂಡು ಗ್ಯಾರೇಜಿಗೆ ಬಂದರೆ ಅನುಭವಸ್ಥ ಮಿಸ್ತ್ರಿ ಮೊದಲು ನೋಡುವುದು ಮುರಿದ ಮುಖವನ್ನು. ಅಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮೇಲ್ಮೈ ಕಾಣುತ್ತದೆ. ಅಂಚಿನಿಂದ ಒಳಗಿನವರೆಗೆ ನುಣ್ಣಗೆ, ಕಪ್ಪಿಟ್ಟ ಒಂದು ಭಾಗ. ಉಳಿದದ್ದು ಹರಳು ಹರಳಾಗಿ ಹೊಳೆಯುವ ಹೊಸ ಮುರುಕು. "ಇದು ಇವತ್ತ ಮುರದದ್ದಲ್ರೀ, ಭಾಳ ದಿನದಿಂದ ಮುರ್ಯಾಕತ್ತಿತ್ತು" ಎಂದು ಅವನು ಹೇಳಿದರೆ ಅದು ಊಹೆಯಲ್ಲ. ಕಪ್ಪಿಟ್ಟ ಭಾಗ ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದ ಬಿರುಕು. ಗಾಳಿ, ಎಣ್ಣೆ, ಧೂಳು ಒಳಹೊಕ್ಕು ಅದಕ್ಕೆ ಆ ಬಣ್ಣ ಬಂದಿದೆ. ಹೊಳೆಯುವ ಭಾಗ ಕಡೆಯ ಗಳಿಗೆಯಲ್ಲಿ, ಉಳಿದಷ್ಟೇ ಲೋಹ ಇಡೀ ಭಾರವನ್ನು ತಾಳಲಾರದೆ ಹರಿದದ್ದು.

ಹೊಲದ ದಾರಿಯಲ್ಲಿ ಆಕ್ಸಲ್ ಮುರಿದರೆ ಟ್ರೇಲರು ಒಂದು ಬದಿಗೆ ವಾಲಿ ನಿಲ್ಲುತ್ತದೆ, ಮಾಲು ಚೆಲ್ಲುತ್ತದೆ. ಇದೇ ಬಗೆಯ ಮುರುಕು ವಿಮಾನದ ರೆಕ್ಕೆಯ ಬುಡದಲ್ಲಾದರೆ ವಾಲಿ ನಿಲ್ಲಲು ನೆಲವೇ ಇರುವುದಿಲ್ಲ.

ಡೇಟೋನಾ, 2018

2018ರ ಏಪ್ರಿಲ್ 4ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಡೇಟೋನಾ ಬೀಚ್ ವಿಮಾನ ನಿಲ್ದಾಣದಿಂದ ಪೈಪರ್ ಆ್ಯರೋ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನವೊಂದು ಮೇಲೇರಿತು. ಎಂಬ್ರಿ-ರಿಡಲ್ ಎಂಬ ಹೆಸರಾಂತ ವೈಮಾನಿಕ ವಿಶ್ವವಿದ್ಯಾಲಯದ ತರಬೇತಿ ವಿಮಾನ ಅದು. ಒಳಗಿದ್ದವರು ಇಬ್ಬರು: ವಾಣಿಜ್ಯ ಪೈಲಟ್ ಪರವಾನಗಿಗೆ ಪರೀಕ್ಷೆ ಕೊಡುತ್ತಿದ್ದ ವಿದ್ಯಾರ್ಥಿ, ಪರೀಕ್ಷೆ ಮಾಡುತ್ತಿದ್ದ ಅಧಿಕಾರಿ. ರನ್‌ವೇ ಮುಟ್ಟಿ ಮತ್ತೆ ಮೇಲೇರುವ ಅಭ್ಯಾಸ ಮುಗಿಸಿ ವಿಮಾನ ಎತ್ತರಕ್ಕೆ ಹೋಗುತ್ತಿತ್ತು. ಇನ್ನೂ ಸಾವಿರ ಅಡಿ ದಾಟಿರಲಿಲ್ಲ, ಎಡರೆಕ್ಕೆ ಬುಡದಿಂದ ಕಳಚಿಹೋಯಿತು. ಇಬ್ಬರೂ ಸತ್ತರು.

ಆ ದಿನ ಬಿರುಗಾಳಿಯಿರಲಿಲ್ಲ. ಪೈಲಟ್ ಅತಿಸಾಹಸದ ತಿರುವೇನೂ ಹಾಕಿರಲಿಲ್ಲ. ವಿಮಾನವೂ ಹಳೆಯದಲ್ಲ, 2007ರಲ್ಲಿ ತಯಾರಾದದ್ದು. ಹಾರಿದ್ದು ಸುಮಾರು 7,690 ಗಂಟೆ. ನಿಯಮದ ಪ್ರಕಾರ ಆಗಬೇಕಾದ ತಪಾಸಣೆಗಳೆಲ್ಲ ಆಗುತ್ತಲೇ ಬಂದಿದ್ದವು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತಜ್ಞರು ಮುರಿದ ರೆಕ್ಕೆಯ ಬುಡವನ್ನು ಪ್ರಯೋಗಾಲಯಕ್ಕೆ ಒಯ್ದಾಗ ಕಂಡದ್ದು ನಮ್ಮ ಮಿಸ್ತ್ರಿ ಕಂಡದ್ದೇ. ರೆಕ್ಕೆಯ ಮುಖ್ಯ ತೊಲೆಯ ಕೆಳಪಟ್ಟಿಯಲ್ಲಿ, ಒಂದು ಬೋಲ್ಟಿನ ತೂತಿನ ಅಂಚಿನಿಂದ ಹೊರಟ ಬಿರುಕು ಪಟ್ಟಿಯ ಶೇಕಡಾ 80ಕ್ಕೂ ಹೆಚ್ಚು ಭಾಗವನ್ನು ನಿಧಾನವಾಗಿ ತಿಂದು ಹಾಕಿತ್ತು. ಉಳಿದ ಚೂರು ಲೋಹ ಆ ದಿನದ ಸಾಧಾರಣ ಏರಿಕೆಯ ಭಾರಕ್ಕೆ ಸೋತಿತು. ಗಟ್ಟಿಯಾಗಿದ್ದ ಬಲರೆಕ್ಕೆಯನ್ನು ಬಿಚ್ಚಿ ನೋಡಿದರೆ ಅಲ್ಲಿಯೂ ಅದೇ ತೂತಿನಲ್ಲಿ ಸಣ್ಣ ಬಿರುಕು ಹುಟ್ಟಿತ್ತು. ಅದೇ ಸಂಸ್ಥೆಯ ಇನ್ನೊಂದು ಆ್ಯರೋ ವಿಮಾನದಲ್ಲಿಯೂ ಬಿರುಕು ಸಿಕ್ಕಿತು.

ಇಂಥ ದೋಷ ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದಕ್ಕೆ ಉತ್ತರ ಸರಳ. ಬಿರುಕಿದ್ದದ್ದು ರೆಕ್ಕೆ ಮತ್ತು ಒಡಲು ಕೂಡುವ ಜಾಗದಲ್ಲಿ, ಬೋಲ್ಟಿನ ತೂತಿನ ಒಳಗೋಡೆಯಲ್ಲಿ. ಬೋಲ್ಟು ಬಿಚ್ಚದೆ ಅದನ್ನು ನೋಡುವ ದಾರಿಯೇ ಇರಲಿಲ್ಲ, ಮತ್ತು ಬೋಲ್ಟು ಬಿಚ್ಚಿ ನೋಡಬೇಕೆಂಬ ನಿಯಮವೂ ಇರಲಿಲ್ಲ. ಒಮ್ಮೆ ಇತ್ತು. 1987ರಲ್ಲಿ ಟೆಕ್ಸಸ್‌ನಲ್ಲಿ, ಎಣ್ಣೆ ಕೊಳವೆಮಾರ್ಗದ ಮೇಲೆ ತಗ್ಗಿನಲ್ಲಿ ಹಾರಿ ಕಾವಲು ಕಾಯುತ್ತಿದ್ದ ಇದೇ ಪೈಪರ್ ಕುಟುಂಬದ ವಿಮಾನದ ರೆಕ್ಕೆ ಹೀಗೆಯೇ ಕಳಚಿತ್ತು. ಆಗ ರೆಕ್ಕೆ ಬಿಚ್ಚಿ ಪರೀಕ್ಷಿಸುವಂತೆ ಆದೇಶ ಹೊರಟಿತು. ನೂರಾರು ವಿಮಾನಗಳನ್ನು ಬಿಚ್ಚಿದರೂ ಬಿರುಕು ಸಿಕ್ಕಿದ್ದು ಬೆರಳೆಣಿಕೆಯಷ್ಟರಲ್ಲಿ. ಇಷ್ಟು ದುಡ್ಡು, ಇಷ್ಟು ಕೆಲಸ ಯಾಕೆ ಎನಿಸಿ ಎರಡು ವರ್ಷದಲ್ಲಿ ಆದೇಶ ರದ್ದಾಯಿತು.

ಸಣ್ಣ ಭಾರ, ಸಾವಿರ ಸಲ

ಕಟ್ಟಡ ಕೆಲಸದ ಬೈಂಡಿಂಗ್ ತಂತಿಯ ಒಂದು ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ, ಹರಿಯುವುದಿಲ್ಲ. ಅದನ್ನೇ ಒಂದೇ ಜಾಗದಲ್ಲಿ ಹತ್ತಾರು ಸಲ ಅತ್ತಿತ್ತ ಬಗ್ಗಿಸಿ, ಮುರಿಯುತ್ತದೆ. ಬಗ್ಗಿಸಲು ಹಾಕಿದ ಬಲ ಎಳೆದ ಬಲಕ್ಕಿಂತ ಎಷ್ಟೋ ಕಡಿಮೆ. ಒಂದು ಸಲಕ್ಕೆ ಲೋಹವನ್ನು ಏನೂ ಮಾಡಲಾಗದ ಭಾರ ಸಾವಿರಾರು, ಲಕ್ಷಾಂತರ ಸಲ ಬಂದು ಹೋದರೆ ಅದನ್ನು ಮುರಿಯಬಲ್ಲದು. ಇದನ್ನೇ ಎಂಜಿನಿಯರುಗಳು ಲೋಹದ ದಣಿವು ಎನ್ನುವುದು. ತಂತಿಯನ್ನು ನಾವು ಒರಟಾಗಿ ಬಗ್ಗಿಸುವುದರಿಂದ ಅದು ಹತ್ತಾರು ಸಲಕ್ಕೇ ಮುರಿಯುತ್ತದೆ. ವಿಮಾನದ ರೆಕ್ಕೆಯ ಬಾಗು ಅದರ ಮಿತಿಯೊಳಗೇ ಇರುವುದರಿಂದ ಅದಕ್ಕೆ ವರ್ಷಗಳು ಹಿಡಿಯುತ್ತವೆ.

ನೆಲದ ಮೇಲೆ ನಿಂತ ಪುಟ್ಟ ವಿಮಾನದ ರೆಕ್ಕೆ ತನ್ನ ಭಾರಕ್ಕೆ, ಒಳಗಿನ ಇಂಧನದ ಭಾರಕ್ಕೆ ಕೆಳಮುಖವಾಗಿ ತುಸು ಜಗ್ಗುತ್ತದೆ. ವಿಮಾನ ಹಾರಿದ ಕ್ಷಣದಿಂದ ಇಡೀ ಒಡಲನ್ನು ಎತ್ತಿ ಹಿಡಿಯುವುದು ರೆಕ್ಕೆಯೇ. ಆಗ ಅದು ಮೇಲ್ಮುಖವಾಗಿ ಬಾಗುತ್ತದೆ. ಮೇಲಕ್ಕೆ ಬಾಗಿದ ತೊಲೆಯ ಮೇಲ್ಪಟ್ಟಿ ಒತ್ತಿಕೊಳ್ಳುತ್ತದೆ, ಕೆಳಪಟ್ಟಿ ಎಳೆದುಕೊಳ್ಳುತ್ತದೆ. ಬಿರುಕನ್ನು ಬಾಯ್ಬಿಡಿಸುವುದು ಎಳೆತ, ಒತ್ತಡವಲ್ಲ. ಹಾಗಾಗಿ ರೆಕ್ಕೆಯ ಬಿರುಕುಗಳ ತವರು ಕೆಳಪಟ್ಟಿ. ಏರಿದಾಗ ಎಳೆತ, ಇಳಿದಾಗ ಒತ್ತಡ: ಪ್ರತಿ ಹಾರಾಟಕ್ಕೆ ಒಂದು ದೊಡ್ಡ ಸುತ್ತು ಖಂಡಿತ. ಅದರ ಮೇಲೆ ಪ್ರತಿ ತಿರುವು, ಪ್ರತಿ ಗಾಳಿಯ ಗುದ್ದು ಒಂದೊಂದು ಚಿಕ್ಕ ಸುತ್ತು. ಬಿಸಿಲಿಗೆ ಕಾದ ನೆಲದಿಂದ ಗಾಳಿ ಅಲೆಯಲೆಯಾಗಿ ಮೇಲೇಳುವ ಮಧ್ಯಾಹ್ನಗಳಲ್ಲಿ ತಗ್ಗಿನಲ್ಲಿ ಹಾರುವ ವಿಮಾನಕ್ಕೆ ಈ ಗುದ್ದುಗಳು ಹೆಚ್ಚು.

ಇನ್ನು ಬೋಲ್ಟಿನ ತೂತು. ಬೆಣ್ಣೆಹಳ್ಳಕ್ಕೆ ನೆರೆ ಬಂದಾಗ ಸೇತುವೆಯ ಕಂಬಕ್ಕೆ ತಡೆದ ನೀರು ಅದರ ಎರಡೂ ಪಕ್ಕ ಒತ್ತಿಕೊಂಡು ರಭಸದಿಂದ ನುಗ್ಗುತ್ತದಲ್ಲ, ಲೋಹದೊಳಗೆ ಹರಿಯುವ ಎಳೆತವೂ ತೂತಿನ ಪಕ್ಕದಲ್ಲಿ ಹಾಗೆಯೇ ದಟ್ಟೈಸುತ್ತದೆ. ಜರ್ಮನಿಯ ಎಂಜಿನಿಯರ್ ಅರ್ನ್ಸ್ಟ್ ಕಿರ್ಶ್ 1898ರಲ್ಲೇ ಇದರ ಲೆಕ್ಕ ಕೊಟ್ಟ: ಅಗಲವಾದ ತಗಡಿನಲ್ಲಿ ಒಂದು ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಎಳೆತ ಬೇರೆಡೆಗಿಂತ ಮೂರು ಪಟ್ಟು. ಆ ಅಂಚಿನಲ್ಲಿ ಲೋಹದ ಹರಳುಗಳೊಳಗಿನ ಪದರಗಳು ಪ್ರತಿ ಸುತ್ತಿಗೆ ಒಂದರ ಮೇಲೊಂದು ಕೂದಲೆಳೆಗಿಂತ ಎಷ್ಟೋ ಕಡಿಮೆ ಜಾರುತ್ತವೆ. ಜಾರಿದ್ದು ಪೂರ್ತಿ ವಾಪಸು ಬರುವುದಿಲ್ಲ. ಮೇಲ್ಮೈಯಲ್ಲಿ ಸೂಕ್ಷ್ಮ ಗೀರು ಮೂಡುತ್ತದೆ, ಗೀರು ಬಿರುಕಾಗುತ್ತದೆ. ಬಿರುಕಿನ ತುದಿ ತೂತಿಗಿಂತ ಸಾವಿರ ಪಟ್ಟು ಚೂಪಾಗಿರುವುದರಿಂದ ಅಲ್ಲಿ ಎಳೆತ ಇನ್ನೂ ದಟ್ಟ. ಬಿರುಕು ಬೆಳೆದಷ್ಟೂ ಬೆಳೆಯುವ ವೇಗ ಹೆಚ್ಚುತ್ತದೆ. ರೆಕ್ಕೆಯ ಆಯುಷ್ಯದ ಬಹುಪಾಲು ಅದು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿಯೇ ಇದ್ದು, ಕೊನೆಯಲ್ಲಿ ಓಡುತ್ತದೆ.

ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಸಾಮಾನ್ಯ ಉಕ್ಕಿಗೆ ಒಂದು ಮಿತಿಗಿಂತ ಕಡಿಮೆ ಭಾರ ಕೊಟ್ಟರೆ ಕೋಟಿ ಸಲ ಬಗ್ಗಿದರೂ ಮುರಿಯದು. ವಿಮಾನ ಕಟ್ಟುವ ಅಲ್ಯೂಮಿನಿಯಮ್ ಮಿಶ್ರಲೋಹಗಳಿಗೆ ಅಂಥ ಭದ್ರ ಮಿತಿಯಿಲ್ಲ. ಭಾರ ಕಡಿಮೆಯಾದರೆ ಆಯುಷ್ಯ ಹೆಚ್ಚುತ್ತದೆ ಅಷ್ಟೆ, ಮುಗಿಯದೆ ಇರುವುದಿಲ್ಲ. ಹಗುರಾಗಿರಲೆಂದೇ ನಾವು ಅಲ್ಯೂಮಿನಿಯಮ್ ಆರಿಸಿಕೊಂಡಿದ್ದೇವೆ, ಅದಕ್ಕೆ ತೆರುವ ಬೆಲೆ ಇದು.

ರೈಲಿನಿಂದ ಕಾಮೆಟ್‌ವರೆಗೆ

ಈ ವಿದ್ಯೆ ಹುಟ್ಟಿದ್ದು ಆಕಾಶದಲ್ಲಲ್ಲ, ರೈಲು ಹಳಿಯ ಮೇಲೆ. 1842ರ ಮೇ 8ರಂದು ಫ್ರಾನ್ಸಿನ ವರ್ಸೇಯ್‌ನಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಎಂಜಿನ್ನಿನ ಆಕ್ಸಲ್ ಮುರಿದು, ಹಿಂದಿನ ಬೋಗಿಗಳು ಒಂದರ ಮೇಲೊಂದು ಹತ್ತಿ ಬೆಂಕಿ ಹೊತ್ತಿ 50ಕ್ಕೂ ಹೆಚ್ಚು ಮಂದಿ ಸತ್ತರು. ದಿನಾ ಓಡುವ ರೈಲಿನ ಗಟ್ಟಿಮುಟ್ಟಾದ ಆಕ್ಸಲ್ ಯಾಕೆ ಮುರಿಯಬೇಕು? ಮುರಿದ ಮುಖದ ಹೊಳೆಯುವ ಹರಳುಗಳನ್ನು ಕಂಡ ಅಂದಿನ ಎಂಜಿನಿಯರುಗಳು, ಅಲುಗಾಡಿ ಅಲುಗಾಡಿ ಕಬ್ಬಿಣದ ನಾರು ಹರಳಾಗಿ ಮಾರ್ಪಟ್ಟಿದೆ ಎಂದು ನಂಬಿದ್ದರು. ಅದು ತಪ್ಪು. ಲೋಹ ಮೊದಲಿನಿಂದಲೂ ಹರಳುಗಳ ರಾಶಿಯೇ, ಮುರಿದಾಗ ಕಾಣುತ್ತದೆ ಅಷ್ಟೆ. ಮುಂದೆ ಪ್ರಷ್ಯಾದ ರೈಲ್ವೆಯಲ್ಲಿದ್ದ ಆಗಸ್ಟ್ ವೋಲರ್ ಆಕ್ಸಲ್‌ಗಳನ್ನು ಯಂತ್ರಕ್ಕೆ ಕಟ್ಟಿ ತಿರುಗಿಸಿ ತಿರುಗಿಸಿ ಮುರಿದು, ಯಾವ ಭಾರಕ್ಕೆ ಎಷ್ಟು ಸುತ್ತು ಎಂಬ ಲೆಕ್ಕವನ್ನು ಮೊದಲ ಬಾರಿಗೆ ಬರೆದಿಟ್ಟ. ಇವತ್ತಿಗೂ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಂಥ ಕಡೆ ಬೋಗಿಗಳ ಆಕ್ಸಲ್‌ನೊಳಗೆ ಶ್ರವಣಾತೀತ ಶಬ್ದದ ಅಲೆ ಕಳಿಸಿ ಬಿರುಕು ಹುಡುಕುತ್ತಾರೆ. ಆ ಕೆಲಸದ ಹಿಂದೆ ವೋಲರನ ಲೆಕ್ಕವಿದೆ.

ರೈಲಿನವರು ಕಲಿತ ಪಾಠವನ್ನು ವಿಮಾನದವರು ಮತ್ತೆ ಹೊಸದಾಗಿ ಕಲಿಯಬೇಕಾಯಿತು. ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ ಕಾಮೆಟ್ ಸೇವೆಗಿಳಿದದ್ದು 1952ರ ಮೇ 2ರಂದು. ಸರಿಯಾಗಿ ವರ್ಷ ತುಂಬಿದ ದಿನ, 1953ರ ಮೇ 2ರಂದು, ಕಲ್ಕತ್ತದಿಂದ ದೆಹಲಿಗೆ ಹೊರಟ ಕಾಮೆಟ್ ಗುಡುಗುಮಳೆಯಲ್ಲಿ ಗಾಳಿಯಲ್ಲೇ ಒಡೆದು 43 ಜನ ಸತ್ತರು. ತಪ್ಪನ್ನು ಬಿರುಗಾಳಿಯ ಮೇಲೆ ಹೊರಿಸಲಾಯಿತು. 1954ರ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ, ಏಪ್ರಿಲ್‌ನಲ್ಲಿ ನೇಪಲ್ಸ್ ಬಳಿ ಇನ್ನೆರಡು ಕಾಮೆಟ್‌ಗಳು ಬಿರುಗಾಳಿಯಿಲ್ಲದೆಯೇ ಆಕಾಶದಲ್ಲಿ ಚೂರಾದಾಗ ಆ ವಿವರಣೆ ಸಾಲದಾಯಿತು. ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ಅರ್ನಾಲ್ಡ್ ಹಾಲ್ ಅವರ ತಂಡ ಕಾಮೆಟ್ ಒಂದರ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಒತ್ತಡ ಏರಿಸಿ ಇಳಿಸಿ ಹಾರಾಟದ ನಟನೆ ಮಾಡಿಸಿತು. ನಿಜದ ಹಾರಾಟ, ನಟನೆಯ ಹಾರಾಟ ಎರಡೂ ಸೇರಿ 3,057ಕ್ಕೆ ಮುಟ್ಟಿದಾಗ ಅದರ ಒಡಲು ಬಿರಿಯಿತು. ಎತ್ತರದಲ್ಲಿ ಉಬ್ಬಿ, ನೆಲದಲ್ಲಿ ಇಳಿಯುವ ಒಡಲು ಕಿಂಡಿಗಳ ಮೂಲೆಯಲ್ಲಿ ದಣಿದಿತ್ತು.

ಬೆಂಗಳೂರಿನ ಕಣ್ಣು

ಕಾಮೆಟ್ ಅಪಘಾತಗಳಾಗಿ ಐದಾರು ವರ್ಷಕ್ಕೆ, 1959ರಲ್ಲಿ, ಭಾರತದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎಲ್ಲರ ಬಾಯಲ್ಲಿ ಎನ್‌ಎಎಲ್, ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ನೆಲೆಯೂರಿತು. 1965ರಿಂದ 1984ರವರೆಗೆ ಅದರ ನಿರ್ದೇಶಕರಾಗಿದ್ದ ಎಸ್.ಆರ್. ವಲ್ಲೂರಿ ಅವರು ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಸಂಶೋಧನೆ ಮಾಡಿದ್ದು ಲೋಹದ ದಣಿವಿನ ಮೇಲೆಯೇ. ಅಲ್ಲಿನ ಲೋಹವಿಜ್ಞಾನಿಗಳು ದಶಕಗಳ ಕಾಲ ಮುರಿದ ವಿಮಾನ ಭಾಗಗಳನ್ನು ಪರೀಕ್ಷಿಸಿ ಗಳಿಸಿದ ಅನುಭವವನ್ನು ವಿ. ರಾಮಚಂದ್ರನ್, ಎ.ಸಿ. ರಘುರಾಮ್, ಆರ್.ವಿ. ಕೃಷ್ಣನ್, ಎಸ್.ಕೆ. ಭೌಮಿಕ್ ಅವರು ಒಂದು ಪುಸ್ತಕವಾಗಿ ಬರೆದರು. 2005ರಲ್ಲಿ ಅದನ್ನು ಅಮೆರಿಕದ ಲೋಹತಜ್ಞರ ಸಂಸ್ಥೆ ಪ್ರಕಟಿಸಿತು.

ಇಂಥ ಪ್ರಯೋಗಾಲಯದಲ್ಲಿ ನಡೆಯುವ ಕೆಲಸ ಗ್ಯಾರೇಜಿನ ನೋಟದ ಮುಂದುವರಿಕೆ. ಮುರಿದ ಮುಖದ ಮೇಲೆ ಬರಿಗಣ್ಣಿಗೆ ಕಾಣುವ ಬಾಗುಗೆರೆಗಳಿದ್ದರೆ ಅವು ಬಿರುಕು ಹುಟ್ಟಿದ ಬಿಂದುವಿನ ಸುತ್ತ ಅರ್ಧವರ್ತುಲವಾಗಿ ಹರಡಿರುತ್ತವೆ. ಗೆರೆಗಳ ಬೆನ್ನು ಹಿಡಿದು ಹಿಂದಕ್ಕೆ ಹೋದರೆ ಹುಟ್ಟಿದ ಜಾಗ ಸಿಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇನ್ನೂ ನವಿರಾದ ಗೆರೆಗಳ ಸಾಲು ಕಾಣುತ್ತದೆ, ಹಲವು ಕಡೆ ಒಂದೊಂದು ಗೆರೆ ಭಾರದ ಒಂದೊಂದು ಸುತ್ತಿನದು. ಗೆರೆಗಳ ನಡುವಿನ ಅಂತರ ಅಳೆದು ಬಿರುಕು ಎಷ್ಟು ಹಾರಾಟಗಳ ಹಿಂದೆ ಹೊರಟಿತೆಂದು ಅಂದಾಜಿಸಬಹುದು. ನೆಲಕ್ಕೆ ಬಡಿದು ಮುರಿದ ಭಾಗದಲ್ಲಿ ಈ ಗೆರೆಗಳು ಇರುವುದಿಲ್ಲ, ಅದು ಒಂದೇ ಏಟಿಗೆ ಹರಿದದ್ದು. ಅಪಘಾತವಾದ ಹೊಲದಲ್ಲಿ ಬಿದ್ದ ನೂರಾರು ತುಂಡುಗಳಲ್ಲಿ ಎಲ್ಲವೂ ಮುರಿದವೇ. ಗಾಳಿಯಲ್ಲಿ ಮುರಿದದ್ದು ಯಾವುದು, ನೆಲ ಮುರಿದದ್ದು ಯಾವುದು ಎಂದು ಬೇರ್ಪಡಿಸುವುದೇ ತನಿಖೆಯ ಮೊದಲ ಹೆಜ್ಜೆ. ತುಂಡುಗಳು ಬಿದ್ದ ಜಾಗವೂ ಮಾತಾಡುತ್ತದೆ. ಒಂದು ರೆಕ್ಕೆ ಮಾತ್ರ ಉಳಿದ ಅವಶೇಷದಿಂದ ದೂರ ಬಿದ್ದಿದ್ದರೆ ಅದು ಮೊದಲೇ ಕಳಚಿದ್ದು.

ಕರ್ನಾಟಕಕ್ಕೆ ಸಂಬಂಧಿಸಿದ ಎರಡು ದುರಂತಗಳು ಈ ವ್ಯತ್ಯಾಸವನ್ನು ಸ್ಪಷ್ಟ ಮಾಡುತ್ತವೆ. ಬೆಂಗಳೂರಿನ ವಾಯುವಾಹಿತ ವ್ಯವಸ್ಥೆಗಳ ಕೇಂದ್ರ, ಅಂದರೆ ಕ್ಯಾಬ್ಸ್, ಆಕಾಶದಿಂದಲೇ ಶತ್ರು ವಿಮಾನಗಳನ್ನು ಪತ್ತೆಹಚ್ಚುವ ರೇಡಾರ್ ವಿಮಾನದ ಪ್ರಯೋಗ ನಡೆಸುತ್ತಿತ್ತು. ಎಚ್‌ಎಸ್-748 ವಿಮಾನದ ಬೆನ್ನ ಮೇಲೆ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ತಿರುಗುವ ದೊಡ್ಡ ತಟ್ಟೆಯಾಕಾರದ ರೇಡಾರ್ ಗುಮ್ಮಟ ಕೂರಿಸಿದ್ದರು. ಅದನ್ನು ಹೊತ್ತು ವಿಮಾನ ಮೊದಲು ಹಾರಿದ್ದು 1990ರಲ್ಲಿ. 1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣಂ ನೌಕಾ ವಿಮಾನ ನೆಲೆಗೆ ಇಳಿಯಲು ಬರುತ್ತಿದ್ದಾಗ ಗುಮ್ಮಟ ಕಳಚಿತು. ವಿಮಾನ ಕಾಡಿಗೆ ಬಿದ್ದು ವಿಜ್ಞಾನಿಗಳೂ ಸೈನಿಕ ಸಿಬ್ಬಂದಿಯೂ ಸೇರಿ 8 ಮಂದಿ ಸತ್ತರು. ಆ ಯೋಜನೆ ಅಲ್ಲಿಗೆ ನಿಂತಿತು. ಅದೇ ಕ್ಯಾಬ್ಸ್ ಮುಂದೆ ರೂಪಿಸಿ 2017ರಲ್ಲಿ ವಾಯುಪಡೆಗೆ ಒಪ್ಪಿಸಿದ 'ನೇತ್ರ' ವಿಮಾನದ ಬೆನ್ನ ಮೇಲೆ ತಿರುಗುವ ತಟ್ಟೆ ಇಲ್ಲ, ಅಲುಗದೆ ಉದ್ದಕ್ಕೆ ಕುಳಿತ ಆ್ಯಂಟೆನಾ ಇದೆ.

ಹತ್ತು ವರ್ಷದ ನಂತರ, 2009ರ ಮಾರ್ಚ್ 6ರಂದು, ಎನ್‌ಎಎಲ್‌ನ ಹಗುರ ಸಾರಿಗೆ ವಿಮಾನ 'ಸಾರಸ್'ನ ಎರಡನೆಯ ಮಾದರಿ ಬಿಡದಿ ಬಳಿಯ ಶೇಷಗಿರಿಹಳ್ಳಿಯಲ್ಲಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಸತ್ತರು. ಹೊಸ ಮಾದರಿಯ ವಿಮಾನ ಬಿದ್ದರೆ ಎಲ್ಲರ ಅನುಮಾನ ಮೊದಲು ಹೋಗುವುದು ಅದರ ಕಟ್ಟಿನ ಮೇಲೆ. ಆದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆ ಬೊಟ್ಟು ಮಾಡಿದ್ದು ಬೇರೆ ಕಡೆಗೆ. ಪರೀಕ್ಷೆಗೆಂದು ಹಾರಾಟದಲ್ಲೇ ಆರಿಸಿದ್ದ ಎಂಜಿನ್ನನ್ನು ಮತ್ತೆ ಹೊತ್ತಿಸುವ ಕ್ರಮ ಸರಿಯಾಗಿರಲಿಲ್ಲ, ಅದಕ್ಕೆ ಬೇಕಾದ ಎತ್ತರವೂ ಇರಲಿಲ್ಲ. ಕಟ್ಟು ಮುರಿದು ಬೀಳುವುದು, ಬಿದ್ದು ಕಟ್ಟು ಮುರಿಯುವುದು ಎರಡೂ ಹೊರನೋಟಕ್ಕೆ ಒಂದೇ ರಾಶಿ.

ದಣಿವೊಂದೇ ಕಾರಣವೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಯಲಹಂಕ, ಕೋಲಾರಗಳ ವಿಮಾನ ನೆಲೆಗಳಲ್ಲಿ ಬ್ರಿಟಿಷ್ ಪೈಲಟ್‌ಗಳು ಮಸ್ಕಿಟೊ ವಿಮಾನಗಳಲ್ಲಿ ಪಳಗುತ್ತಿದ್ದರು. ಮರದ ಹಲಗೆಗಳನ್ನು ಅಂಟಿನಿಂದ ಕೂಡಿಸಿ ಮಾಡಿದ ವಿಮಾನ ಅದು. 1944ರಲ್ಲಿ ಭಾರತದಲ್ಲಿದ್ದ ಕೆಲವು ಮಸ್ಕಿಟೊಗಳ ರೆಕ್ಕೆಗಳು ಗಾಳಿಯಲ್ಲೇ ಬಿಟ್ಟುಕೊಂಡವು. ನವೆಂಬರಿನಲ್ಲಿ ಇಡೀ ಪಡೆಯನ್ನು ತಪಾಸಣೆಗೆ ನೆಲಕ್ಕಿಳಿಸಬೇಕಾಯಿತು. ಹುಡುಕಿದಾಗ ಕಂಡದ್ದು ಅಂಟಿನ ಕೂಡುಗಳಲ್ಲಿ ಬಿಟ್ಟುಹೋದ ಸಂದು. ಇಲ್ಲಿನ ಸೆಕೆ, ಮಳೆಗಾಲದ ತೇವವೂ ಚರ್ಚೆಗೆ ಬಂದವು. ಲೋಹಕ್ಕೆ ಎಣಿಕೆ ಶತ್ರುವಾದರೆ ಮರಕ್ಕೆ ಕೂಡು ಶತ್ರು.

ಒಂದು ಗಂಟೆಗೆ ಹದಿನೇಳು ಗಂಟೆ

ಬಿರುಕೇ ಇಲ್ಲದ ವಿಮಾನ ಕಟ್ಟಲು ಸಾಧ್ಯವಿಲ್ಲವೆಂದು ಒಪ್ಪಿಕೊಂಡದ್ದು ಎಂಜಿನಿಯರಿಂಗಿನ ದೊಡ್ಡ ತಿರುವು. ಮೊದಲು ಭಾಗಕ್ಕೊಂದು ಆಯುಷ್ಯ ನಿಗದಿ ಮಾಡಿ, ತುಂಬಿದೊಡನೆ ತೆಗೆದು ಹಾಕುತ್ತಿದ್ದರು. ಆಮೇಲೆ, ಒಂದು ಭಾಗ ಮುರಿದರೆ ಪಕ್ಕದ್ದು ಹೊರುವಂತೆ ಕಟ್ಟಿದರು. ಈಗ ದೊಡ್ಡ ವಿಮಾನಗಳಲ್ಲಿ ಬಿರುಕು ಇದ್ದೇ ಇದೆ ಎಂದು ಮೊದಲೇ ಇಟ್ಟುಕೊಂಡು, ಅದು ಅಪಾಯದ ಗಾತ್ರಕ್ಕೆ ಬೆಳೆಯುವ ಮುನ್ನ ಎರಡು ಸಲವಾದರೂ ಕಣ್ಣಿಗೆ ಬೀಳುವಂತೆ ತಪಾಸಣೆಯ ದಿನಗಳನ್ನು ಲೆಕ್ಕ ಹಾಕುತ್ತಾರೆ. ಪುಟ್ಟ ವಿಮಾನಗಳ ಕಥೆ ಬೇರೆ. ಅವುಗಳಲ್ಲಿ ಹೆಚ್ಚಿನವುಗಳ ವಿನ್ಯಾಸ ಈ ಆಲೋಚನೆಗಿಂತ ಹಳೆಯದು. ಒಂದು ರೆಕ್ಕೆಗೆ ಒಂದೇ ಮುಖ್ಯ ತೊಲೆ, ಅದು ಹೋದರೆ ಹೊರಲು ಇನ್ನೊಂದಿಲ್ಲ.

ಡೇಟೋನಾ ಅಪಘಾತದ ನಂತರ ಅಮೆರಿಕದ ವಿಮಾನಯಾನ ಆಡಳಿತ ಕೂತು ಯೋಚಿಸಿದ್ದು ಇದನ್ನೇ: ಯಾವ ವಿಮಾನವನ್ನು ಬಿಚ್ಚಿ ನೋಡಬೇಕು, ಯಾವಾಗ? ಎಲ್ಲವನ್ನೂ ಬಿಚ್ಚಿದರೆ 1987ರ ಕಥೆಯೇ ಮರುಕಳಿಸುತ್ತದೆ. ಬೋಲ್ಟು ತೆಗೆದು ಹಾಕುವಾಗ ತೂತಿನ ಗೋಡೆಗೆ ಗೀರು ಬಿದ್ದರೆ ಅದೇ ಹೊಸ ಬಿರುಕಿಗೆ ಬೀಜವಾಗಬಹುದು. ಅಂದರೆ ನೋಡುವುದಕ್ಕೂ ಒಂದು ಅಪಾಯವಿದೆ. 2021ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಆದೇಶ ಇದಕ್ಕೊಂದು ಜಾಣ ಲೆಕ್ಕ ಕೊಟ್ಟಿತು. ಅಮೆರಿಕದಲ್ಲಿ ಬಾಡಿಗೆಗೆ, ತರಬೇತಿಗೆ ಓಡುವ ವಿಮಾನಕ್ಕೆ ಪ್ರತಿ 100 ಗಂಟೆಗೊಮ್ಮೆ ತಪಾಸಣೆ ಕಡ್ಡಾಯ. ಖಾಸಗಿ ವಿಮಾನಕ್ಕೆ ಅದು ಬೇಕಿಲ್ಲ, ವರ್ಷಕ್ಕೊಮ್ಮೆ ಸಾಕು. ಹಾಗಾಗಿ ದಾಖಲೆ ಪುಸ್ತಕದಲ್ಲಿ 100 ಗಂಟೆಯ ತಪಾಸಣೆಗಳು ಎಷ್ಟಿವೆ ಎಂದು ಎಣಿಸಿದರೆ ವಿಮಾನ ಎಂಥ ಬಾಳು ಬಾಳಿದೆ ಎಂದು ಗೊತ್ತಾಗುತ್ತದೆ. ಒಂದೊಂದು ತಪಾಸಣೆಗೆ 100ರಂತೆ ಅಷ್ಟು ಗಂಟೆಗಳನ್ನು ಪೂರ್ತಿ ಹಿಡಿಯಬೇಕು, ಉಳಿದ ಗಂಟೆಗಳನ್ನು 17ರಿಂದ ಭಾಗಿಸಿ ಕೂಡಬೇಕು. ಮೊತ್ತ 5,000 ದಾಟಿದರೆ ಬೋಲ್ಟು ಬಿಚ್ಚಿ, ಸುಳಿ ವಿದ್ಯುತ್ತಿನ (ಎಡಿ ಕರೆಂಟ್) ಸಲಾಕೆಯನ್ನು ತೂತಿನೊಳಗೆ ಇಳಿಸಿ ಬಿರುಕು ಹುಡುಕಬೇಕು.

ಲೆಕ್ಕ ಹಾಕಿ ನೋಡಿ. 6,000 ಗಂಟೆ ಹಾರಿದ ಎರಡು ವಿಮಾನಗಳಿವೆ. ಒಂದು ಇಡೀ ಆಯುಷ್ಯವನ್ನು ತರಬೇತಿ ಶಾಲೆಯಲ್ಲಿ ಕಳೆದದ್ದು, 60 ತಪಾಸಣೆ ಕಂಡಿದೆ, ಅದರ ಮೊತ್ತ 6,000. ಇನ್ನೊಂದು ಒಬ್ಬ ಖಾಸಗಿ ಮಾಲೀಕನದು, ಅದರ ಮೊತ್ತ ಸುಮಾರು 353. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಖಾಸಗಿ ಮಾಲೀಕ ಮೇಲೇರಿ ಗಂಟೆಗಟ್ಟಲೆ ನೇರ ಹಾರಿ ಒಮ್ಮೆ ಇಳಿಯುತ್ತಾನೆ. ಕಲಿಯುವ ವಿದ್ಯಾರ್ಥಿ ಅದೇ ಒಂದು ಗಂಟೆಯಲ್ಲಿ ಮತ್ತೆ ಮತ್ತೆ ರನ್‌ವೇ ಮುಟ್ಟಿ ಏರುತ್ತಾನೆ, ಒರಟಾಗಿ ಇಳಿಯುತ್ತಾನೆ, ಸದಾ ತಗ್ಗಿನಲ್ಲಿ, ಗಾಳಿಯ ಗುದ್ದಿನಲ್ಲಿ ಸುತ್ತುತ್ತಿರುತ್ತಾನೆ. ಗಡಿಯಾರಕ್ಕೆ ಎರಡೂ ಒಂದು ಗಂಟೆ. ರೆಕ್ಕೆಯ ಕೆಳಪಟ್ಟಿಗೆ ಒಂದು ಮತ್ತೊಂದರ ಹದಿನೇಳು ಪಟ್ಟು.

ಈ ಲೆಕ್ಕ ನಮಗೆ ದೂರದ್ದಲ್ಲ. 1949ರಲ್ಲಿ ಶುರುವಾದ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಜೊತೆಗೆ ಈಗ ಬೆಳಗಾವಿಯ ಸಾಂಬ್ರಾ, ಕಲಬುರಗಿ ನಿಲ್ದಾಣಗಳಲ್ಲೂ ಪೈಲಟ್ ಶಾಲೆಗಳು ಬಂದಿವೆ. ಉತ್ತರ ಕರ್ನಾಟಕದ ಬೇಸಗೆಯ ಆಕಾಶದಲ್ಲಿ, ಕಾದ ಎರಿ ನೆಲದ ಮೇಲೆ, ಪುಟ್ಟ ವಿಮಾನಗಳು ದಿನಾ ಏರಿಳಿಯುತ್ತಿವೆ. ಹಾರುವ ಮುನ್ನ ವಿದ್ಯಾರ್ಥಿ ವಿಮಾನದ ಸುತ್ತ ಒಂದು ಸುತ್ತು ಬಂದು ರೆಕ್ಕೆ ಮುಟ್ಟಿ ನೋಡುತ್ತಾನೆ. ಅದು ಒಳ್ಳೆಯ ಅಭ್ಯಾಸ, ಆದರೆ ತೂತಿನೊಳಗಿನ ಬಿರುಕು ಆ ಕೈಗೆ ಸಿಗುವುದಿಲ್ಲ. ಅದನ್ನು ಹಿಡಿಯಬಲ್ಲವನು ದಾಖಲೆ ಪುಸ್ತಕದ ಮುಂದೆ ಕೂತು, ಎಷ್ಟು ಗಂಟೆ ಹಾರಿತು ಎಂದು ಕೇಳದೆ, ಹೇಗೆ ಹಾರಿತು, ಎಷ್ಟು ಸಲ ಇಳಿಯಿತು ಎಂದು ಕೇಳುವವನು. ಅವನು ಬೋಲ್ಟು ಬಿಚ್ಚಲು ಹೇಳಿದ ದಿನ ವಿಮಾನ ಹ್ಯಾಂಗರಿನಲ್ಲಿ ಸುಮ್ಮನೆ ನಿಲ್ಲುತ್ತದೆ, ಪಾಠ ತಪ್ಪುತ್ತದೆ, ದುಡ್ಡು ಹೋಗುತ್ತದೆ, ಬಹಳ ಸಲ ಬಿರುಕೂ ಸಿಗುವುದಿಲ್ಲ. ಆ ದಿನವನ್ನು ವ್ಯರ್ಥವೆಂದು ಬರೆದ 1989ರ ತೀರ್ಮಾನದ ಬೆಲೆ ತಿಳಿಯಲು 29 ವರ್ಷ ಬೇಕಾಯಿತು.